ಎರಡನೆಯ ಏಟು ಬೀಳದಿರಲಿ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿನಿ, ನಿವೃತ್ತ ಎ.ಎಸ್.ಐ. ಒಬ್ಬರು ಆಡಿದ ಮಾತುಗಳು)



ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪೊಲೀಸ್ ಕೆಲಸಕ್ಕೆ ಸೇರಿದವಳು ನಾನು. ಹಬ್ಬದಂಥ ಈ ದಿನ ನೋವಿನ ವಿಷಯ ತೆಗೆಯುತ್ತಿದ್ದೇನೆ, ಕ್ಷಮಿಸಿ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಠಾಣೆಯಲ್ಲೂ ನಂಬಿದ್ದೆವು. ಏಟು ತಿಂದು ಬಂದವಳನ್ನು ಕೂರಿಸಿ, ಗಂಡನನ್ನು ಕರೆಸಿ ಗದರಿಸಿ, ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸುತ್ತಿದ್ದೆವು. ಹಾಗೆ ನಾನೇ ಕಳಿಸಿದ ಹೆಣ್ಣುಮಗಳೊಬ್ಬಳು ತಿಂಗಳೊಳಗೆ ಕೈ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಹೇಳಿಕೆ ಪಡೆಯಲು ಹೋದರೆ, “ಮೇಡಂ, ಠಾಣೆಗೆ ಹೋಗಿದ್ದೆ ಅಂತಾನೇ ಹೊಡೆದ್ರು” ಎಂದಳು. ಆ ಮಾತು ಇಂದಿಗೂ ಕಿವಿಯಲ್ಲಿದೆ.

ದೂರು ಕೊಟ್ಟ ಮೇಲಿನ ದಿನಗಳೇ ಹೆಚ್ಚು ಅಪಾಯದವು ಎಂದು ಅಂದು ತಿಳಿಯಿತು. ಆಮೇಲೆ ಬೀಟ್ ಸಿಬ್ಬಂದಿಯೊಂದಿಗೆ ವಾರಕ್ಕೊಮ್ಮೆ ಅಂಥ ಮನೆಗಳಿಗೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಅತ್ತೆ, ಗಂಡನ ಎದುರಿಗಲ್ಲ, ಹಿತ್ತಲಿಗೆ ಕರೆದು ಅವಳೊಬ್ಬಳನ್ನೇ ವಿಚಾರಿಸುತ್ತಿದ್ದೆ. ಪೊಲೀಸರು ಮತ್ತೆ ಬರುತ್ತಾರೆಂದು ಗೊತ್ತಾದರೆ ಎತ್ತಿದ ಕೈ ಎಷ್ಟೋ ಸಲ ಕೆಳಗಿಳಿಯುತ್ತದೆ.

ಎಲ್ಲ ಸಲವೂ ಇಳಿಯುವುದಿಲ್ಲ. ಅದಕ್ಕೇ ಕಾನೂನಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ನಮ್ಮ ಕಡೂರು ತಾಲ್ಲೂಕಿನಲ್ಲಿ ಅಂಗನವಾಡಿ ನೋಡಿಕೊಳ್ಳುವ ಸಿ.ಡಿ.ಪಿ.ಓ. ಅವರೇ ಇದರ ಸಂರಕ್ಷಣಾಧಿಕಾರಿ. ಅವರ ಮೂಲಕ ಅರ್ಜಿ ಕೊಟ್ಟರೆ, ಹೊಡೆಯಕೂಡದು, ಮನೆಯಿಂದ ಹೊರಹಾಕಕೂಡದು ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾರಂಟ್ ಇಲ್ಲದೆ ಬಂಧಿಸಬಹುದು. ನಾನು ಬರೆಸಿಕೊಳ್ಳುತ್ತಿದ್ದ ಮುಚ್ಚಳಿಕೆಗೆ ಈ ಬಲ ಇರಲಿಲ್ಲ.

ಆದರೆ ಪೊಲೀಸರು ವಾರಕ್ಕೊಮ್ಮೆ ಬರುವವರು, ಪಕ್ಕದ ಮನೆಯವರು ದಿನವೂ ಇರುವವರು. ಕಿರುಚಿದ ಸದ್ದು ಕೇಳಿದರೆ ಟಿ.ವಿ. ಜೋರು ಮಾಡಬೇಡಿ. 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181 ಇದೆ. ದೌರ್ಜನ್ಯದ ಸುದ್ದಿಯನ್ನು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲವೆಂದು ಕಾಯ್ದೆಯಲ್ಲೇ ಇದೆ.

ಕೊನೆಯದಾಗಿ ಇಲ್ಲಿನ ಶಿಕ್ಷಕರಲ್ಲಿ, ಮಕ್ಕಳಲ್ಲಿ ಒಂದು ಮಾತು. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿಯೊಬ್ಬಳು ದಿನಾ ತೂಕಡಿಸುತ್ತಿದ್ದಳು. ಮನೆಯಲ್ಲಿ ರಾತ್ರಿಯೆಲ್ಲ ಹೊಡೆದಾಟ ಎಂದು ನನಗೆ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ನೀವು ಹೇಳಿ.