ಕಬ್ಬಿನ ಟ್ರೇಲರು ಮತ್ತು ಜಡತ್ವ
(ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ರೈತರ ತರಬೇತಿಯಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವವನು ಭೌತಶಾಸ್ತ್ರ ಹೇಳಲು ಹೊರಟನೇಕೆ ಎಂದು ತಮಗೆ ಅನಿಸಬಹುದು. ಕಬ್ಬು ಬೆಳೆಯುವುದನ್ನಷ್ಟೇ ಹೇಳಿ, ಅದು ಕಾರ್ಖಾನೆ ಮುಟ್ಟುವ ದಾರಿಯ ಬಗ್ಗೆ ಸುಮ್ಮನಿರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೊದಲನೆಯ ನಿಯಮ ಇಷ್ಟೆ: ಹೊರಗಿನ ಬಲ ಬೀಳದ ಹೊರತು ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ವೇಗದಲ್ಲಿ ನೇರವಾಗಿ ಸಾಗುತ್ತಲೇ ಇರುತ್ತದೆ. ಈ ಗುಣವೇ ಜಡತ್ವ. ಭಾರ ಹೆಚ್ಚಿದಷ್ಟೂ ಜಡತ್ವ ಹೆಚ್ಚು. ಹಾಗಾದರೆ ದೂಡುವುದನ್ನು ಬಿಟ್ಟ ಗಾಡಿ ನಿಲ್ಲುವುದೇಕೆ? ನೆಲದ ಮತ್ತು ಅಚ್ಚಿನ ಘರ್ಷಣೆ ಅದನ್ನು ತಡೆಯುತ್ತದೆ.

ಹೇರಿದ ಚಕ್ಕಡಿಯನ್ನು ಕದಲಿಸುವಾಗ ಎತ್ತುಗಳು ಎಷ್ಟು ಜಗ್ಗುತ್ತವೆಂಬುದನ್ನು ತಾವು ಬಲ್ಲಿರಿ. ಉರುಳತೊಡಗಿದ ಮೇಲೆ ಅಷ್ಟು ಶ್ರಮವಿಲ್ಲ. ಸುತ್ತಿಗೆ ಸಡಿಲಾದರೆ ಕಾವಿನ ಕೆಳತುದಿಯನ್ನು ಕಲ್ಲಿಗೆ ಕುಟ್ಟುತ್ತೀರಿ. ಕಾವು ನಿಲ್ಲುತ್ತದೆ, ಕಬ್ಬಿಣ ಇಳಿಯುತ್ತಾ ಹೋಗಿ ಬಿಗಿಯಾಗುತ್ತದೆ. ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಬೀಳುತ್ತದಷ್ಟೆ. ಮಳೆಗಾಲದ ತುಂಬು ನೀರು ಬಂಡೆಗುಂಟ ಇಳಿಯದೆ ಮುಂದಕ್ಕೆ ಚಿಮ್ಮಿ ಬೀಳುವುದೂ ಇದೇ ಗುಣದಿಂದ.

ಈಗ ಟ್ರ್ಯಾಕ್ಟರಿಗೆ ಬರೋಣ. ಎರಡು ಟ್ರೇಲರ್ ಕಬ್ಬು ಹೇರಿರುತ್ತೇವೆ. ಬಹಳಷ್ಟು ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಚಾಲಕ ಬ್ರೇಕ್ ಒತ್ತಿದಾಗ ತಡೆ ಬೀಳುವುದು ಟ್ರ್ಯಾಕ್ಟರಿನ ಗಾಲಿಗೆ ಮಾತ್ರ. ಹಿಂದಿನ ಭಾರ ಮುಂದೆ ನೂಕುತ್ತಲೇ ಇರುತ್ತದೆ. ತಿರುವಿನಲ್ಲಾದರೆ ಟ್ರೇಲರು ನೇರ ಹೋಗಬಯಸಿ ಟ್ರ್ಯಾಕ್ಟರಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಪಲ್ಟಿಯಾಗುವುದು ಹೀಗೆ. ಇನ್ನು ವೇಗದ ಲೆಕ್ಕ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದ ಗಾಡಿ ನಿಲ್ಲಲು 8 ಮೀಟರ್ ಬೇಕಾದರೆ, ಅದೇ ಗಾಡಿಗೆ 40 ಕಿ.ಮೀ.ನಲ್ಲಿ 32 ಮೀಟರ್ ಬೇಕು. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು! ಕಾರ್ಖಾನೆಯ ಪಾಳಿಗಾಗಿ ಅವಸರ ಮಾಡುವ ತರುಣರಿಗೆ ಈ ಲೆಕ್ಕವನ್ನು ತಾವೇ ತಿಳಿಸಿ ಹೇಳಬೇಕು.

ರಸ್ತೆಗಿಳಿಯುವ ಮುನ್ನ ಎಡ ಬಲದ ಬ್ರೇಕ್ ಪೆಡಲುಗಳನ್ನು ಚಿಲಕ ಹಾಕಿ ಜೋಡಿಸಿರಿ. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರು ಒಮ್ಮೆಲೇ ಒಂದು ಕಡೆ ತಿರುಗಿಬಿಡುತ್ತದೆ. ಇಳಿಜಾರು ಬರುವ ಮೊದಲೇ ಕೆಳಗಿನ ಗೇರಿಗೆ ಹಾಕಿರಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು ಬೇಡವೇ ಬೇಡ. ಮೇಲಿನ ಕಬ್ಬನ್ನು ಹಗ್ಗದಿಂದ ಬಿಗಿಯಿರಿ.

ಮನೆಯ ಹೆಣ್ಣುಮಕ್ಕಳಿಗೂ ಒಂದು ಮಾತು ಮುಟ್ಟಿಸಿರಿ. ಮೇವು ಕತ್ತರಿಸುವ ಯಂತ್ರದ ಸ್ವಿಚ್ ಆರಿಸಿದರೂ ಅದರ ಭಾರದ ಚಕ್ರ ತಿರುಗುತ್ತಲೇ ಇರುತ್ತದೆ. ಸಿಕ್ಕಿಕೊಂಡ ಮೇವನ್ನು ತೆಗೆಯಲು ಚಕ್ರ ಪೂರ್ತಿ ನಿಂತ ಮೇಲೆಯೇ ಕೈ ಹಾಕಬೇಕು.