ಪ್ರವಾಸ ಮತ್ತು ಛಾಯಾಗ್ರಹಣ: ಒಂದು ಉಪಯುಕ್ತ ಹವ್ಯಾಸ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಹವ್ಯಾಸಗಳ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾನು ಪ್ರವಾಸ ಮತ್ತು ಛಾಯಾಗ್ರಹಣವನ್ನು ಆರಿಸಿಕೊಂಡೆ. ಅದನ್ನು ಕೇಳಿದ ಹಿರಿಯರೊಬ್ಬರು, "ಮಾಸ್ತರ್ ಸಾಹೇಬರೇ, ಅದೆಲ್ಲ ದುಡ್ಡಿದ್ದವರ ಶೋಕಿಯಲ್ಲವೇ?" ಎಂದರು. ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕ. ಆದ್ದರಿಂದ ಆ ಪದದಿಂದಲೇ ಆರಂಭಿಸುತ್ತೇನೆ. ಉರ್ದುವಿನಲ್ಲಿ 'ಶೌಕ್' ಎಂದರೆ ಒಲವು, ತೀವ್ರವಾದ ಆಸಕ್ತಿ. ಅದೇ ಪದ ಕನ್ನಡಕ್ಕೆ ಬಂದು 'ಶೋಕಿ'ಯಾದಾಗ ಆಡಂಬರ ಎಂಬ ಅರ್ಥ ಪಡೆಯಿತು. 'ತಸ್ವೀರ್' ಕೂಡ ಕನ್ನಡಕ್ಕೆ ಬಂದು 'ತಸಬೀರು' ಆಯಿತು. ಆದರೆ ಅದರ ಅರ್ಥ ಕೆಡಲಿಲ್ಲ. ಕೈಯಲ್ಲಿ ಕ್ಯಾಮೆರಾ ಹಿಡಿದವನಲ್ಲಿ ಶೌಕ್ ಇದೆಯೋ ಶೋಕಿ ಇದೆಯೋ ಎಂಬುದನ್ನು ಅವನು ಏನು ನೋಡಿದ, ಹೇಗೆ ನಡೆದುಕೊಂಡ ಎಂಬುದರಿಂದ ತಿಳಿಯಬೇಕು. ಚಿತ್ರಗಳ ವಿಷಯದಲ್ಲಿ ನಮ್ಮ ಹಿರಿಯರಲ್ಲಿ ಭಿನ್ನಾಭಿಪ್ರಾಯಗಳಿರುವುದು ನನಗೆ ಗೊತ್ತು. ಅದನ್ನು ವಿದ್ವಾಂಸರಿಗೆ ಬಿಟ್ಟು ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಕ್ಯಾಮೆರಾ ಪಾಶ್ಚಾತ್ಯರ ವಸ್ತು ಎಂದು ನಾವು ತಿಳಿಯುತ್ತೇವೆ. ಅದನ್ನು ಯಂತ್ರವಾಗಿ ಮಾಡಿದವರು ಯುರೋಪಿನವರು ಎಂಬುದು ನಿಜ. ಆದರೆ ಸುಮಾರು ಸಾವಿರ ವರ್ಷಗಳ ಹಿಂದೆ, ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್ ಹೈಥಮ್ ಎಂಬ ವಿಜ್ಞಾನಿ, ಬೆಳಕು ವಸ್ತುಗಳಿಂದ ಹೊರಟು ನಮ್ಮ ಕಣ್ಣನ್ನು ಸೇರುತ್ತದೆ ಎಂದು ತಮ್ಮ 'ಕಿತಾಬ್ ಅಲ್ ಮನಾಜಿರ್' ಗ್ರಂಥದಲ್ಲಿ ಪ್ರಯೋಗಗಳ ಮೂಲಕ ವಿವರಿಸಿದರು. ಗ್ರಹಣದ ಹೊತ್ತಿನಲ್ಲಿ ಸಣ್ಣ ರಂಧ್ರದ ಮೂಲಕ ಬಂದ ಸೂರ್ಯನ ಬೆಳಕು ಕುಡುಗೋಲಿನ ಆಕಾರದಲ್ಲಿ ಬೀಳುವುದೇಕೆ ಎಂಬುದರ ಮೇಲೆ ಪ್ರತ್ಯೇಕ ಪ್ರಬಂಧವನ್ನೇ ಬರೆದರು. 'ಕ್ಯಾಮೆರಾ' ಎಂಬ ಲ್ಯಾಟಿನ್ ಪದದ ಅರ್ಥವೂ 'ಕೋಣೆ' ಎಂದೇ. ಕತ್ತಲೆ ಕೋಣೆ ಮತ್ತು ಒಂದು ರಂಧ್ರ, ಕ್ಯಾಮೆರಾದ ಮೂಲ ಇಷ್ಟೇ.

2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಾದಾಗ ನಮ್ಮ ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಇದನ್ನೇ ನೋಡಿದೆವು. ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ನೂರಾರು ಸಣ್ಣ ಚಂದ್ರಗಳಂತೆ ಬಾಗಿದ್ದವು. ಮಕ್ಕಳು ನೆಲದ ಮೇಲೆ ಬಿಳಿ ಹಾಳೆ ಹರಡಿ ಕುಣಿದಾಡಿದರು. ಪಾಠದಲ್ಲಿ ಹತ್ತು ಸಲ ಹೇಳಿದ್ದು ಅಂದು ಒಂದೇ ಸಲಕ್ಕೆ ಅರ್ಥವಾಯಿತು.

ಇನ್ನು ಪ್ರವಾಸ. 1325ರಲ್ಲಿ, ತಮ್ಮ 21ನೇ ವಯಸ್ಸಿನಲ್ಲಿ, ಮೊರಾಕ್ಕೊದ ತಾಂಜಿಯರ್‌ನಿಂದ ಹೊರಟ ಇಬ್ನ್ ಬತೂತಾ ಸುಮಾರು ಮೂರು ದಶಕ ಸುತ್ತಿದರು. ಅವರು ನಮ್ಮ ಕರಾವಳಿಗೂ ಬಂದಿದ್ದರು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿ 13 ಮತ್ತು ಗಂಡುಮಕ್ಕಳಿಗಾಗಿ 23 ಶಾಲೆಗಳನ್ನು ಕಂಡೆನೆಂದು ಅವರು ದಾಖಲಿಸಿದ್ದಾರೆ. ಅವರ ಬಳಿ ಕ್ಯಾಮೆರಾ ಇರಲಿಲ್ಲ. ಊರಿಗೆ ಮರಳಿದ ಮೇಲೆ ನೆನಪಿನಿಂದ ಹೇಳಿ ಬರೆಯಿಸಿದರು. ಆ ಒಂದು ವಾಕ್ಯ ಇಲ್ಲದಿದ್ದರೆ 14ನೇ ಶತಮಾನದಲ್ಲಿ ನಮ್ಮ ನಾಡಿನ ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರೆಂಬುದನ್ನು ನಾವು ಹೇಗೆ ತಿಳಿಯುತ್ತಿದ್ದೆವು? ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೇನೆ.

ನನ್ನ ಮೊದಲ ಕ್ಯಾಮೆರಾ ಮಾಮು ಕೊಟ್ಟ ಹಳೆಯ ರೀಲ್ ಕ್ಯಾಮೆರಾ. ಒಂದು ರೀಲಿನಲ್ಲಿ 36 ಚಿತ್ರ. ತೊಳೆಸಲು, ಪ್ರಿಂಟ್ ಹಾಕಿಸಲು ಮತ್ತೆ ದುಡ್ಡು. ಆದ್ದರಿಂದ ಗುಂಡಿ ಒತ್ತುವ ಮೊದಲು ಎರಡು ಸಲ ಯೋಚಿಸುತ್ತಿದ್ದೆ. ಈಗ ನಿಮ್ಮ ಮೊಬೈಲಿನಲ್ಲಿ ಸಾವಿರ ಚಿತ್ರ ಹಿಡಿಯುತ್ತವೆ, ಆದರೆ ನೋಡುವ ತಾಳ್ಮೆ ಕಡಿಮೆಯಾಗಿದೆ. ಬೀದರ್‌ನಲ್ಲಿ 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾಕ್ಕೆ ಹೋಗಿ. 17ನೇ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟದಿಂದ ಅದರ ಒಂದು ಭಾಗ ನಾಶವಾಯಿತು. ಎರಡು ಮಿನಾರುಗಳಲ್ಲಿ ಈಗ ಒಂದೇ ಉಳಿದಿದೆ. ಅದರ ಮುಂಭಾಗ ಪೂರ್ವಕ್ಕಿದೆ. ಬೆಳಿಗ್ಗೆ ಹೋದರೆ ಅಳಿದುಳಿದ ಬಣ್ಣದ ಹೆಂಚುಗಳು ಬಿಸಿಲಿಗೆ ಹೊಳೆಯುತ್ತವೆ, ಮಧ್ಯಾಹ್ನ ಹೋದರೆ ಮಂಕಾಗಿ ಕಾಣುತ್ತವೆ. ಬಿಜಾಪುರದ ಗೋಲಗುಮ್ಮಟದ ದೊಡ್ಡತನ ತಿಳಿಯಬೇಕಾದರೆ ಅದರ ಬುಡದಲ್ಲಿ ಒಬ್ಬ ಮನುಷ್ಯ ನಿಂತಿರುವಂತೆ ಚಿತ್ರ ತೆಗೆಯಿರಿ. ಒಳಗೆ ಒಂದೂ ಕಂಬವಿಲ್ಲದೆ ಅಷ್ಟು ದೊಡ್ಡ ಗುಮ್ಮಟ ಹೇಗೆ ನಿಂತಿತು ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಆ ಪ್ರಶ್ನೆಯೇ ವಿದ್ಯೆಯ ಆರಂಭ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. 2022ರ ಡಿಸೆಂಬರ್‌ನಲ್ಲಿ ಭಾವನವರ ಆಹ್ವಾನದ ಮೇಲೆ ದುಬೈಗೆ ಹೋಗಿದ್ದೆ. ಎಲ್ಲರೂ ಎತ್ತರದ ಕಟ್ಟಡಗಳ ಚಿತ್ರ ತೆಗೆಯುತ್ತಾರೆ. ನನಗೆ ಹಳೆಯ ದುಬೈ ನೋಡುವ ಆಸೆ. ಪರ್ಷಿಯಾದಿಂದ ಬಂದ ವರ್ತಕರು ನೆಲೆಸಿದ್ದ ಅಲ್ ಫಹೀದಿ ಬಡಾವಣೆಯಲ್ಲಿ ಮನೆಗಳ ಮೇಲೆ 'ಬರ್ಜೀಲ್' ಎಂಬ ಗಾಳಿಗೋಪುರಗಳಿವೆ. ವಿದ್ಯುತ್ ಇಲ್ಲದ ಕಾಲದಲ್ಲಿ ಮೇಲಿನ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುತ್ತಿದ್ದ ವ್ಯವಸ್ಥೆ ಅದು. ಅದನ್ನು ನೋಡಿ, ಒಂದು ದಿರ್ಹಮ್ ಕೊಟ್ಟು 'ಅಬ್ರಾ' ಎಂಬ ಮರದ ದೋಣಿಯಲ್ಲಿ ಖಾರಿಯನ್ನು ದಾಟುತ್ತಿದ್ದೆವು. ಎದುರಿಗೆ ಕೆಲಸ ಮುಗಿಸಿ ಬಂದ ಕಾರ್ಮಿಕರು ಕುಳಿತಿದ್ದರು. ಸಿಮೆಂಟು ಮೆತ್ತಿದ ಬಟ್ಟೆ, ದಣಿದ ಮುಖ, ಹಿಂದೆ ಇಳಿಯುವ ಸೂರ್ಯ. ಒಳ್ಳೆಯ ಚಿತ್ರವಾಗುತ್ತದೆಂದು ಕೇಳದೆಯೇ ತೆಗೆದೆ.

ದೋಣಿ ದಡ ಸೇರಿದಾಗ ಅವರಲ್ಲೊಬ್ಬ ನನ್ನ ಹಿಂದೆ ಬಂದ. ನಮ್ಮ ಮಾತು ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ. "ಸರ್, ನೀವು ನಮ್ಮ ಕಡೆಯವ್ರು. ಆ ಫೋಟೊ ಅಳಿಸಿಬಿಡ್ರಿ. ನಾ ಇಲ್ಲಿ ಆಫೀಸಿನಾಗ ಕೆಲಸ ಮಾಡ್ತೀನಂತ ಮನ್ಯಾಗ ಹೇಳೀನಿ" ಎಂದ. ಕಲಬುರಗಿ ಕಡೆಯ ಹುಡುಗ. ನನ್ನ ಶಿಷ್ಯನಾಗಿರಬಹುದಾದ ವಯಸ್ಸು. ನನಗೆ ನಾಚಿಕೆಯಾಯಿತು. ಅವನ ಎದುರೇ ಚಿತ್ರ ಅಳಿಸಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಅವನೇ, "ನಾಳೆ ರಜಾ ಐತಿ. ಚಲೋ ಅಂಗಿ ಹಾಕ್ಕೊಂಡು ಬರ್ತೀನಿ, ಅಮ್ಮಿಗೆ ಕಳಸಾಕ ಒಂದು ತೆಗೀತೀರೇನ್ರಿ?" ಎಂದು ಕೇಳಿದ. ಮರುದಿನ ಅದೇ ದಡದಲ್ಲಿ ತೆಗೆದೆ. ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿದ್ದ. ಅವನ ಮೊಬೈಲಿಗೆ ಕಳಿಸಿ ನನ್ನದರಿಂದ ಅದನ್ನೂ ಅಳಿಸಿದೆ.

ವಿದ್ಯಾರ್ಥಿಗಳೇ, ಆ ದೇಶದಲ್ಲಿ ಅನುಮತಿಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆಯುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧವಾಗಬಹುದು. ಆದರೆ ಅಂದು ನನ್ನನ್ನು ತಡೆದದ್ದು ಕಾನೂನಲ್ಲ, ಒಬ್ಬ ಮಗನ ಮಾತು. ಬಡವರ ದಣಿವು ನಮ್ಮ ಆಲ್ಬಮ್ಮಿನ ಅಲಂಕಾರವಾಗಬಾರದು. ನಿಮ್ಮ ತಾಯಿಯ, ಅಕ್ಕತಂಗಿಯರ ಚಿತ್ರವನ್ನು ಅಪರಿಚಿತನೊಬ್ಬ ಹೀಗೆ ತೆಗೆದರೆ ನಿಮಗೆ ಹೇಗನಿಸುತ್ತದೆ ಎಂದು ಯೋಚಿಸಿ, ನಂತರ ಕ್ಯಾಮೆರಾ ಎತ್ತಿರಿ.

ಇನ್ನೊಂದು ಪ್ರಸಂಗ ನಮ್ಮ ಜಿಲ್ಲೆಯದೇ. ಸವಣೂರಿನಲ್ಲಿ 'ದೊಡ್ಡ ಹುಣಸೆ' ಎಂದು ಕರೆಯುವ ಮೂರು ಭಾರಿ ಮರಗಳಿವೆ. ಅವು ನಿಜವಾಗಿ ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೋಬಾಬ್. ಅಂದರೆ ಅವೂ ಪ್ರವಾಸಿಗಳೇ! 2022ರಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನಾನು ನಲವತ್ತು ಚಿತ್ರ ತೆಗೆದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ತನ್ನ ಅಬ್ಬಾನ ಮೊಬೈಲಿನಲ್ಲಿ ಒಂದೇ ಚಿತ್ರ ತೆಗೆದಳು. ಹನ್ನೆರಡು ಮಕ್ಕಳು ಕೈ ಕೈ ಹಿಡಿದು ಒಂದು ಮರದ ಬೊಡ್ಡೆಯನ್ನು ತಬ್ಬಿಕೊಂಡ ಚಿತ್ರ. ನೋಟ್‌ಬುಕ್‌ನಲ್ಲಿ ದಿನಾಂಕ, ಯಾವ ಮರ, ಯಾರ್ಯಾರು ನಿಂತಿದ್ದರು ಎಂದು ಬರೆದಿಟ್ಟಳು. 2023ರ ಜುಲೈ ಮಳೆಯಲ್ಲಿ ಮೂರು ಮರಗಳಲ್ಲಿ ಒಂದು ಬುಡಸಮೇತ ಉರುಳಿತು. ನಂತರ ಅದನ್ನು ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಆ ಸುದ್ದಿ ಬಂದಾಗ ನನ್ನ ನಲವತ್ತು ಚಿತ್ರಗಳನ್ನು ತೆಗೆದು ನೋಡಿದೆ. ಯಾವುದು ಯಾವ ಮರ ಎಂದು ನನಗೇ ತಿಳಿಯಲಿಲ್ಲ. ಅವಳ ನೋಟ್‌ಬುಕ್ ಹೇಳಿತು: ಮಕ್ಕಳು ತಬ್ಬಿದ್ದು ಬಿದ್ದ ಮರವನ್ನೇ. ಅಂದು ಅವಳು ಗುರು, ನಾನು ಶಿಷ್ಯ.

ಆದ್ದರಿಂದ ನನ್ನ ಕೆಲವು ಕಿವಿಮಾತುಗಳು. ಚಿತ್ರ ತೆಗೆದ ದಿನವೇ ಸ್ಥಳ, ದಿನಾಂಕ, ಎರಡು ಸಾಲಿನ ವಿವರ ಬರೆಯಿರಿ. ಜನರ ಚಿತ್ರ ತೆಗೆಯುವ ಮೊದಲು ಅನುಮತಿ ಕೇಳಿ, ಮಾತು ಕೊಟ್ಟರೆ ಚಿತ್ರ ಕಳಿಸಿ. ನಿಷೇಧದ ಫಲಕ ಇರುವಲ್ಲಿ ಕ್ಯಾಮೆರಾ ಒಳಗಿಡಿ. ತಾಜಮಹಲಿನ ಸಮಾಧಿ ಕೋಣೆಯೊಳಗೂ ಚಿತ್ರ ತೆಗೆಯುವಂತಿಲ್ಲ. ಬಂಡೆಯ ತುದಿ, ಜಲಪಾತದ ಅಂಚಿನಲ್ಲಿ ಸೆಲ್ಫಿ ಬೇಡ. ದೂರದ ದೇಶಕ್ಕಿಂತ ಮೊದಲು ನಿಮ್ಮ ತಾಲ್ಲೂಕು ನೋಡಿ. ದುಡ್ಡಿಲ್ಲದಿದ್ದರೆ ಗ್ರಂಥಾಲಯಕ್ಕೆ ಹೋಗಿ, ಎಚ್.ಎಲ್. ನಾಗೇಗೌಡರ 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳನ್ನು ಓದಿ.

ಕೊನೆಯದಾಗಿ ಪಾಲಕರಿಗೂ ಸಂಸ್ಥೆಯ ಹಿರಿಯರಿಗೂ ಒಂದು ವಿನಂತಿ. ಆ ಮರದ ಚಿತ್ರ ತೆಗೆದ ಹುಡುಗಿ ಮುಂದೆ ಹತ್ತನೇ ತರಗತಿಯಲ್ಲಿದ್ದಾಗ ನಾವು ಬೀದರ್‌ಗೆ ಶೈಕ್ಷಣಿಕ ಪ್ರವಾಸ ಹೋದೆವು. ಹೆಸರು ಕೊಟ್ಟವರು 31 ಮಂದಿ, ಅದರಲ್ಲಿ ಹುಡುಗಿಯರು ನಾಲ್ಕೇ ಜನ. ಅವಳು ಬರಲಿಲ್ಲ. ಮನೆಯಲ್ಲಿ ಬೇಡವೆಂದರು. ಅವರ ಕಾಳಜಿಯನ್ನು ನಾನು ತಪ್ಪೆನ್ನುವುದಿಲ್ಲ, ನನಗೂ ಮಗಳಿದ್ದಾಳೆ. ಆದರೆ ಬಸ್ಸಿನಲ್ಲಿ ಅವಳ ಜಾಗ ಖಾಲಿಯಿದ್ದುದನ್ನು ನಾನು ದಾರಿಯುದ್ದಕ್ಕೂ ನೋಡಿದೆ. ಇಬ್ನ್ ಬತೂತಾ ಹೊನ್ನಾವರದಲ್ಲಿ ಕಂಡ ಆ 13 ಶಾಲೆಗಳು ನೆನಪಾದವು. ಮುಂದಿನ ಪ್ರವಾಸಕ್ಕೆ ಇಬ್ಬರು ಶಿಕ್ಷಕಿಯರನ್ನು ಜೊತೆಗೆ ಕಳಿಸಿ, ಬಡ ಮಕ್ಕಳ ಬಸ್ ಖರ್ಚನ್ನು ಸಂಸ್ಥೆ ಭರಿಸಲಿ. ತಾಯಂದಿರೂ ಬರುವುದಾದರೆ ಸ್ವಾಗತ. ಕ್ಯಾಮೆರಾ ನನ್ನದನ್ನೇ ಕೊಡುತ್ತೇನೆ.