ಮನೆಗಾಡಿಯಲ್ಲಿ ಕನ್ನಡ ಕರಾವಳಿ

ಮನೆಯನ್ನು ಬಿಟ್ಟು ಹೊರಡುವುದಕ್ಕೆ ಪ್ರವಾಸವೆಂದು ಹೆಸರು. ಮನೆಯನ್ನೇ ಹೊತ್ತುಕೊಂಡು ಹೊರಡುವುದಕ್ಕೆ ಏನೆಂದು ಹೆಸರಿಡಬೇಕೋ ನಾನರಿಯೆ. ಆಮೆಯನ್ನು ಯಾರೂ ಪ್ರವಾಸಿಯೆಂದು ಕರೆದುದಿಲ್ಲ. 2025ನೆಯ ಇಸವಿಯ ಜನವರಿಯಲ್ಲಿ ನಾನೂ ನನ್ನ ಪತ್ನಿಯೂ ಹೀಗೆ ಆಮೆಗಳಾಗಿ ಮಂಗಳೂರಿನಿಂದ ಕಾರವಾರಕ್ಕೆ ಹೋದೆವು. ಇಂಗ್ಲಿಷಿನಲ್ಲಿ ಕ್ಯಾಂಪರ್‌ವ್ಯಾನ್ ಎಂದು ಕರೆಯುವ ವಾಹನ. ನಾವು ಅದನ್ನು ಮನೆಗಾಡಿ ಎಂದುಕೊಂಡೆವು. ಸರಕು ಸಾಗಿಸುವ ಗಾಡಿಯ ಹೊಟ್ಟೆಯೊಳಗೆ ಹಲಗೆಯ ಮಂಚ, ಅನಿಲದ ಒಲೆ, 60 ಲೀಟರು ನೀರು ಹಿಡಿಯುವ ತೊಟ್ಟಿ, ಇಷ್ಟೇ ಅದರ ವೈಭವ. ದೂರ ಸುಮಾರು 270 ಕಿಲೋಮೀಟರು. ಒಂದೇ ಹಗಲಿನಲ್ಲಿ ಮುಗಿಯುವ ದಾರಿಗೆ ನಾವು 9 ದಿನ ತೆಗೆದುಕೊಂಡೆವು.

ಗಾಡಿಯನ್ನು ಬಾಡಿಗೆಗೆ ಕೊಟ್ಟವರು, "ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ, ಯಾರ ಹಂಗೂ ಇಲ್ಲ" ಎಂದಿದ್ದರು. ಆ ಮಾತನ್ನು ನಂಬಿದುದು ಮೊದಲನೆಯ ರಾತ್ರಿಯವರೆಗೆ ಮಾತ್ರ. ಮಾಗಿಯೆಂಬುದು ನಮಗೆ, ಘಟ್ಟದ ಮೇಲಿನವರಿಗೆ, ಶಾಲು ಹೊದೆಯುವ ಕಾಲ. ಕಡಲಂಚಿನಲ್ಲಿ ತಗಡಿನ ಗೋಡೆಗಳ ನಡುವೆ ಮಲಗಿದವನಿಗೆ ಅದು ಬರಿಯ ಶಬ್ದ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಸೊಳ್ಳೆ. ಬೆಳಗಾಗುವಷ್ಟರಲ್ಲಿ ಡಬ್ಬಿಯ ಉಪ್ಪು ನೀರೊಡೆದಿತ್ತು. ಎರಡನೆಯ ದಿನ ತೊಟ್ಟಿ ಬರಿದಾಯಿತು. ಅಂದಿನಿಂದ ಸಂಜೆ ಸಂಜೆ ಯಾವುದಾದರೊಂದು ಮನೆಯ ಅಂಗಳದಲ್ಲಿ ನಿಂತು ನೀರು ಕೇಳುವುದೇ ನಮ್ಮ ವೃತ್ತಿಯಾಯಿತು. ಹಂಗಿಲ್ಲದ ಗಾಡಿ ಹಿಂದಿರುಗುವ ವೇಳೆಗೆ ಏಳು ಬಾವಿಗಳ ಋಣದಲ್ಲಿತ್ತು.

ಮರವಂತೆಯನ್ನು ನೀವು ಬಲ್ಲಿರಿ. ಪಡುವಲಿಗೆ ಕಡಲು, ಮೂಡಲಿಗೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಕಡಲಿಗೆ ಇನ್ನೊಂದು ಹೆಜ್ಜೆಯಿರುವಾಗ ಈ ನದಿ ಏನನ್ನು ನೆನೆದುಕೊಂಡಿತೋ, ಹಿಂದಕ್ಕೆ ತಿರುಗಿ ಹಲವು ಮೈಲಿ ತೆಂಕಲಿಗೆ ಹರಿದು ಗಂಗೊಳ್ಳಿಯ ಬಳಿ ಸಮುದ್ರವನ್ನು ಸೇರುತ್ತದೆ. ಅದನ್ನು ನೋಡುತ್ತ ಮೈಮರೆತ ನಾನು, ಅಲ್ಲಿಂದ ತುಸು ಮುಂದೆ, ಗಾಡಿಯನ್ನು ರಸ್ತೆಯಿಂದ ಮರಳಿಗೆ ಇಳಿಸಿದೆ. ಹಿಂದಿನ ಚಕ್ರಗಳು ಅರ್ಧ ಹೂತುವು. ನೀರು ಏರುತ್ತಿತ್ತು. ಸಮೀಪದಲ್ಲಿ ಇಪ್ಪತ್ತು ಮಂದಿ ಕೈರಂಪಣಿ ಬಲೆಯ ಹಗ್ಗ ಹಿಡಿದು ಎಳೆಯುತ್ತಿದ್ದರು. ರಂಪಣಿಯೆಂದರೆ ದಡದಿಂದ ದೋಣಿಯಲ್ಲಿ ಬಲೆಯನ್ನು ಬಿಲ್ಲಿನಾಕಾರವಾಗಿ ಬಿಟ್ಟು, ಎರಡು ತುದಿಗಳನ್ನೂ ದಡಕ್ಕೆ ತಂದು ಊರವರೆಲ್ಲ ಕೂಡಿ ಎಳೆಯುವ ಮೀನುಗಾರಿಕೆ. 1970ರ ದಶಕದಲ್ಲಿ ಯಂತ್ರದೋಣಿಗಳ ದೊಡ್ಡ ಬಲೆಗಳು ಬಂದಮೇಲೆ ಅದು ಕ್ಷೀಣಿಸಿತು. ಬಲೆ ದಡ ಮುಟ್ಟಿದೊಡನೆ ಅವರೆಲ್ಲರೂ ಬಂದು, ಅದೇ ಹಗ್ಗವನ್ನು ನಮ್ಮ ಗಾಡಿಗೆ ಬಿಗಿದು, ಅದೇ ಕೂಗಿನೊಂದಿಗೆ ಎಳೆದು ರಸ್ತೆಗೆ ಮುಟ್ಟಿಸಿದರು. ಮುದುಕರೊಬ್ಬರು, "ಇವತ್ತಿನ ಬಲೆಗಿಂತ ಇದೇ ಭಾರವಾಗಿತ್ತು" ಎಂದರು. ಹಣವನ್ನು ಮುಟ್ಟಲಿಲ್ಲ. ನಮ್ಮಲ್ಲಿದ್ದ ನಾಲ್ಕು ಲೋಟಗಳಲ್ಲಿ ಐದು ಸರದಿ ಕಾಫಿ ಮಾಡಿದೆವು.

ಬೈಂದೂರನ್ನು ದಾಟಿ ಭಟ್ಕಳದ ಕಡೆಗೆ ಸರಿದರೆ ದಕ್ಷಿಣದ ಸೀಮೆ ಮುಗಿದು ಉತ್ತರ ಕನ್ನಡ. 1862ರಿಂದ 1956ರವರೆಗೆ ಈಚೆಯದು ಮದರಾಸಿಗೆ, ಆಚೆಯದು ಮುಂಬಯಿಗೆ ಸೇರಿದ್ದಿತು. ಆದರೆ ನೆಲದ ನಿಜವಾದ ಗಡಿಗಳು ನದಿಗಳು. ರಸ್ತೆ ತೆಂಕಣದಿಂದ ಬಡಗಣಕ್ಕೆ. ಘಟ್ಟದಿಂದ ಇಳಿಯುವ ಹೊಳೆಗಳೆಲ್ಲ ಅದಕ್ಕೆ ಅಡ್ಡ. ನನ್ನ ಪತ್ನಿಯ ತೌರು ಕುಮಟೆಯ ಕಡೆ. ಹೊನ್ನಾವರದಲ್ಲಿ ಶರಾವತಿಯನ್ನು ದೋಣಿಯಲ್ಲಿ ದಾಟಿದ ಬಾಲ್ಯದ ನೆನಪು ಅವಳಿಗುಂಟು. ಅಂದು ಹೊಳೆಯೊಂದನ್ನು ದಾಟುವುದಕ್ಕೆ ಕಾಯಬೇಕು, ಅಂಬಿಗನನ್ನು ಮಾತನಾಡಿಸಬೇಕು, ನೀರನ್ನು ನೋಡಬೇಕು. ಇಂದು ಸೇತುವೆಯ ಮೇಲೆ ಎರಡು ನಿಮಿಷ. ಹೊಳೆಯ ಹೆಸರನ್ನು ಹಲಗೆಯ ಮೇಲೆ ಓದುವಷ್ಟರಲ್ಲಿ ಅದು ಹಿಂದೆ ಬಿದ್ದಿರುತ್ತದೆ.

ಆದ್ದರಿಂದ ಅಘನಾಶಿನಿಯನ್ನು ಹಳೆಯ ರೀತಿಯಲ್ಲಿಯೇ ಕಾಣಬೇಕೆಂದು ಅವಳು ಹಟ ಹಿಡಿದಳು. ಗಾಡಿಯನ್ನು ಅಘನಾಶಿನಿಯೆಂಬ ಹಳ್ಳಿಯಲ್ಲಿಯೇ ಬಿಟ್ಟು ಯಂತ್ರದ ದೋಣಿಯಲ್ಲಿ ತದಡಿಗೆ ದಾಟಿದೆವು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಬಂದಿತು. ಅಘನಾಶಿನಿಗೆ ಇಂದಿಗೂ ಅಣೆಕಟ್ಟಿಲ್ಲ. ಘಟ್ಟದ ನೀರು ತಡೆಯಿಲ್ಲದೆ ಇಳಿದು ಬರುತ್ತದೆ, ಕಡಲ ನೀರು ದಿನಕ್ಕೆ ಎರಡು ಬಾರಿ ಏರಿ ಹೋಗಿ ಅದನ್ನು ಎದುರುಗೊಳ್ಳುತ್ತದೆ. ಈ ಸಿಹಿ ಉಪ್ಪುಗಳ ಬೆರಕೆಯಲ್ಲಿ ಒಂದು ನಾಡೇ ಬದುಕಿದೆ. ಗಜನಿಯೆಂದು ಕರೆಯುವ ತಗ್ಗು ಗದ್ದೆಗಳಲ್ಲಿ ಕಗ್ಗವೆಂಬ ಬತ್ತವನ್ನು ಬೆಳೆಯುತ್ತಾರೆ. ಬೇರೆ ಬತ್ತ ಸಾಯುವ ಉಪ್ಪುನೀರನ್ನು ಅದು ಸಹಿಸುತ್ತದೆ. ಸಮೀಪದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳು. ಇಳಿತದ ಹೊತ್ತಿಗೆ ನದಿಯ ನಡುವಿನ ದಿಬ್ಬಗಳು ತಲೆಯೆತ್ತುತ್ತವೆ, ಜನ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪಿನ ಮೀನನ್ನು ಆಯುತ್ತಾರೆ. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಯನ್ನು, ಎಂದರೆ ಇರಾನಿನ ಆ ಊರಿನಲ್ಲಿ 1971ರಲ್ಲಿ ಆದ ಒಪ್ಪಂದದ ಜೌಗುಭೂಮಿಗಳ ಪಟ್ಟಿಯನ್ನು, ಸೇರಿತು. ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬಳನ್ನು ನನ್ನ ಪತ್ನಿ, ಇದು ಎಂದಿಗಾದರೂ ಮುಗಿದುಹೋಗುವುದೆ ಎಂದು ಕೇಳಿದಳು. "ನೀರು ಬಂದು ಹೋಗುತ್ತಿದ್ದರೆ ಮುಗಿಯುವುದಿಲ್ಲ, ಅಕ್ಕಾ" ಎಂದಳು ಆಕೆ.

ಅಲ್ಲಿಂದ ಹಿರೇಗುತ್ತಿಯ ಮೇಲೆ ಅಂಕೋಲೆಯ ದಾರಿ ಹಿಡಿದರೆ ಗಂಗಾವಳಿಯ ದಡದಲ್ಲಿ ಶಿರೂರು. 2024ರ ಜುಲೈ 16ರ ಬೆಳಗ್ಗೆ ಇಲ್ಲಿ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿದ್ದಿತು. ರಸ್ತೆಯ ಬದಿಯ ಚಹದ ಅಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನೊಡನೆ ನದಿಗೆ ಹೋದುವು. ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಮರ ಹೇರಿಕೊಂಡು ಬಂದಿದ್ದ ಲಾರಿಯೊಂದು ಚಾಲಕನ ದೇಹದೊಡನೆ ನದಿಯಿಂದ ಮೇಲಕ್ಕೆ ಬಂದುದು ಸೆಪ್ಟೆಂಬರಿನಲ್ಲಿ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ನಾಡು ಇದು. ಇಲ್ಲಿಯ ಗುಡ್ಡಗಳಲ್ಲಿ ಚಿರೇಕಲ್ಲಿನ ಪದರದ ಕೆಳಗೆ ಮೆದು ಜೇಡಿ. ಬುಡವನ್ನು ಗೋಡೆಯಂತೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಇಂಗಿದ ನೀರು ಅದರ ತೂಕವನ್ನು ಹೆಚ್ಚಿಸುತ್ತದೆ. ಇಷ್ಟನ್ನು ನಾನು ಪತ್ರಿಕೆಗಳಲ್ಲಿ ಓದಿದ್ದೆ. ಆದರೂ ಹಿಂದಿನ ಎರಡು ರಾತ್ರಿ ನಾವು ಗಾಡಿಯನ್ನು ನಿಲ್ಲಿಸಿದ್ದುದು ಎಂಥ ಸ್ಥಳದಲ್ಲಿ? ಬೆನ್ನಿಗೆ ಕಡಿದ ಗುಡ್ಡದ ನೆರಳು, ಮುಂದೆ ಹೊಳೆಯ ನೋಟ. ಪ್ರಶಸ್ತವಾದ ತಾಣವೆಂದು ಹಿಗ್ಗಿದ್ದೆವು. ಬೇಸಗೆಯಾದುದರಿಂದ ಬದುಕಿದೆವೆನ್ನುವುದು ಅತಿಶಯೋಕ್ತಿ. ಆದರೆ ಆ ಲಾರಿಯವರೂ ಅದೇ ನೆರಳಿಗೆ, ಅದೇ ನೋಟಕ್ಕೆ ನಿಂತವರಲ್ಲವೆ? ಅಗಲವಾದ ದಾರಿ ಬೇಕೆಂದು ಕೇಳಿದವರಲ್ಲಿ ನಾನೂ ಒಬ್ಬ. ಮಂಗಳೂರಿನಿಂದ ಹೊರಟಾಗ, ರಸ್ತೆ ಎಷ್ಟು ಚೆನ್ನಾಗಿದೆಯೆಂದು ಹತ್ತು ಸಲ ಹೇಳಿದ್ದೆ. ಶಿರೂರಿನಲ್ಲಿ ಗಾಡಿಯನ್ನು ನಿಲ್ಲಿಸಲು ಧೈರ್ಯವಾಗಲಿಲ್ಲ. ನಿಲ್ಲಿಸದೆ ಹೋಗಲು ನಾಚಿಕೆಯಾಯಿತು. ನಿಧಾನವಾಗಿ ದಾಟಿದೆವು.

ಕಾರವಾರದಾಚೆ ಕಾಳೀನದಿ. ಅಲ್ಲಿಯ ಹಳೆಯ ಸೇತುವೆ ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಅದರೊಡನೆ ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಜೀವಸಹಿತ ಮೇಲೆತ್ತಿದರು. ಪಕ್ಕದ ಹೊಸ ಸೇತುವೆಯ ಮೇಲೆ ಸದಾಶಿವಗಡಕ್ಕೆ ಹೋಗಿ, ಒಂದು ಮನೆಯಲ್ಲಿ ಕೊನೆಯ ಬಾರಿ ನೀರು ಕೇಳಿದೆವು. ಯಜಮಾನರು ತೊಟ್ಟಿ ತುಂಬಿಸಿಕೊಟ್ಟು, ರಾತ್ರಿ ಎಲ್ಲಿ ನಿಲ್ಲುವಿರಿ ಎಂದು ಕೇಳಿದರು. ಗುಡ್ಡದ ಕೆಳಗೆ ಜಾಗ ನೋಡಿದ್ದೇವೆ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಅವರು ತಮ್ಮ ಅಂಗಳದ ತೆಂಗಿನ ಮರಗಳ ನಡುವೆ, ಕಾಯಿ ಬೀಳದ ಕಡೆ ನೋಡಿ, ಗಾಡಿಗೆ ಜಾಗ ತೋರಿಸಿದರು.